ಬೈಕ್ ವಿಂಡ್‌ಶೀಲ್ಡ್ ಗೀರು ಬೀಳದಂತೆ ತೊಳೆಯುವುದು ಹೇಗೆ?

ಹೆಚ್ಚುಕಮ್ಮಿ ಒಂದೇ ಮಾತಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: “ಬೈಕ್ ತಗೊಂಡು ಆರು ತಿಂಗಳಾಗಿಲ್ಲ, ವಿಂಡ್‌ಶೀಲ್ಡ್ ಗಾಜು ಆಗಲೇ ಮಂಕಾಗಿದೆ. ದಿನಾ ಬೆಳಗ್ಗೆ ಒರೆಸ್ತೀನಿ. ಆದ್ರೂ ರಾತ್ರಿ ಎದುರಿಗೆ ಲಾರಿ ಲೈಟ್ ಬಿದ್ರೆ ಪೂರ್ತಿ ಬೆಳ್ಳಗೆ. ಯಾವ ಪಾಲಿಶ್ ಹಾಕ್ಬೇಕು?”

ಉತ್ತರದ ಎರಡು ತುಂಡು ಪ್ರಶ್ನೆಯೊಳಗೇ ಇವೆ. ಒಂದು, ಅದು ಗಾಜಲ್ಲ. ಎರಡು, ದಿನಾ ಬೆಳಗ್ಗೆ ಒರೆಸಿದ್ದರಿಂದಲೇ ಅದು ಮಂಕಾಗಿದೆ. ಪಾಲಿಶ್ ವಿಚಾರ ಕೊನೆಯಲ್ಲಿದೆ. ಅಲ್ಲಿವರೆಗೆ ಹೋಗುವ ಅಗತ್ಯ ಹೆಚ್ಚಿನವರಿಗೆ ಬೀಳಬಾರದು.

ಗೀರು ಬರುವುದು ಎಲ್ಲಿಂದ

ಬೈಕ್ ವಿಂಡ್‌ಶೀಲ್ಡ್‌ಗಳು ಸಾಮಾನ್ಯವಾಗಿ ಎರಡು ಬಗೆಯ ಪ್ಲಾಸ್ಟಿಕ್‌ನಲ್ಲಿ ಬರುತ್ತವೆ. ಮೊದಲನೆಯದು ಪಾಲಿಕಾರ್ಬೊನೇಟ್. ಕಲ್ಲು ಬಡಿದರೂ ಸುಲಭಕ್ಕೆ ಒಡೆಯದು, ಆದರೆ ಮೈ ಮೆದು. ಹಾಗಾಗಿ ಒಳ್ಳೆಯ ತಯಾರಕರು ಇದರ ಮೇಲೆ ಹಾರ್ಡ್ ಕೋಟ್ ಎನ್ನುವ ತೆಳುವಾದ ಗಡಸು ಲೇಪ ಕೊಟ್ಟಿರುತ್ತಾರೆ. ಎರಡನೆಯದು ಅಕ್ರಿಲಿಕ್. ಇದರ ಮೈ ತುಸು ಗಟ್ಟಿ, ಆದರೆ ಪೆಡಸು. ಬೋಲ್ಟ್ ಅತಿಯಾಗಿ ಬಿಗಿದರೆ ತೂತಿನ ಅಂಚಿನಿಂದಲೇ ಸೀಳು ಬಿಡುತ್ತದೆ. ನಿಮ್ಮದು ಯಾವುದೆಂದು ತಿಳಿಯಲು ಕೆಳ ಅಂಚಿನಲ್ಲೋ ಬೋಲ್ಟ್ ತೂತಿನ ಹತ್ತಿರವೋ ಇಂಗ್ಲಿಷ್ ಅಕ್ಷರಗಳ ಅಚ್ಚು ಹುಡುಕಿ. ಪಿಸಿ ಎಂದಿದ್ದರೆ ಪಾಲಿಕಾರ್ಬೊನೇಟ್, ಪಿಎಂಎಂಎ ಎಂದಿದ್ದರೆ ಅಕ್ರಿಲಿಕ್. ಏನೂ ಇಲ್ಲದಿದ್ದರೆ ಎರಡಕ್ಕೂ ಹೇಳಿದ ಎಚ್ಚರಿಕೆ ನಿಮ್ಮದಕ್ಕೂ ಅನ್ವಯ.

ಈಗ ಧೂಳಿನ ಕಡೆ ನೋಡಿ. ಖನಿಜಗಳ ಗಡಸುತನ ಅಳೆಯಲು ಮೋಸ್ ಮಾಪಕ ಎಂಬ 1ರಿಂದ 10ರವರೆಗಿನ ಅಳತೆ ಇದೆ. ರಸ್ತೆ ಧೂಳಿನಲ್ಲಿ ಧಾರಾಳವಾಗಿರುವ ಮರಳಿನ ಕ್ವಾರ್ಟ್ಜ್ ಅದರಲ್ಲಿ 7. ಕಿಟಕಿ ಗಾಜು 5.5ರ ಆಸುಪಾಸು. ಈ ಪ್ಲಾಸ್ಟಿಕ್‌ಗಳು 3ರ ಆಸುಪಾಸು ಅಥವಾ ಅದಕ್ಕೂ ಕೆಳಗೆ. ಸಂಡೂರು, ಹೊಸಪೇಟೆ ಕಡೆ ಅದಿರು ಲಾರಿಗಳ ಹಿಂದೆ ಓಡಿಸಿದವರ ಬೈಕಿನ ಮೇಲೆ ಕೂರುವ ಕೆಂಪು ಹುಡಿಯೂ 5ರಿಂದ 6.5ರಷ್ಟು ಗಡಸು. ಅಂದರೆ ನೀವು ಎಷ್ಟೇ ಮೆತ್ತನೆಯ ಬಟ್ಟೆ ತಂದರೂ, ಬಟ್ಟೆಗೂ ಪ್ಲಾಸ್ಟಿಕ್‌ಗೂ ನಡುವೆ ಕೂತ ಒಂದು ಕಣ ಸಾಕು, ಗೀರು ಗ್ಯಾರಂಟಿ. ಇಡೀ ವಿಧಾನ ನಿಂತಿರುವುದು ಇದರ ಮೇಲೆ: ಬಟ್ಟೆ ತಾಗುವ ಮೊದಲೇ ಆ ಕಣಗಳು ನೀರಿನಲ್ಲಿ ಇಳಿದು ಹೋಗಿರಬೇಕು.

ಒಣ ಬಟ್ಟೆಯಲ್ಲಿ ಒರೆಸಿದರೆ ಇನ್ನೊಂದು ತೊಂದರೆಯೂ ಇದೆ. ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎತ್ತುವ ಶಾಲೆಯ ಆಟ ನೆನಪಿದೆಯಲ್ಲ, ಅದೇ ಸ್ಥಿರ ವಿದ್ಯುತ್ ಇಲ್ಲೂ ಹುಟ್ಟುತ್ತದೆ. ಒರೆಸಿ ಮುಗಿಸುವಷ್ಟರಲ್ಲಿ ವಿಂಡ್‌ಶೀಲ್ಡ್ ಹೊಸ ಧೂಳನ್ನು ತಾನೇ ಎಳೆದುಕೊಳ್ಳುತ್ತದೆ.

ಏನೇನು ಬೇಕು

ಎರಡು ಬಕೆಟ್. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು.

ಪಿಎಚ್ ನ್ಯೂಟ್ರಲ್ ಎಂದು ಬರೆದಿರುವ ಕಾರ್ ಶಾಂಪೂ. ಹಾಗೆಂದರೆ ಹುಳಿಯೂ ಅಲ್ಲದ, ಕ್ಷಾರವೂ ಅಲ್ಲದ ಸೋಪು. ಇಲ್ಲದಿದ್ದರೆ ಮಕ್ಕಳ ಶಾಂಪೂ ಸಾಕು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ. ಜಾಸ್ತಿ ಹಾಕಿದರೆ ಜಾಸ್ತಿ ಶುದ್ಧವಾಗುವುದಿಲ್ಲ, ತೊಳೆಯಲು ಜಾಸ್ತಿ ನೀರು ಬೇಕಾಗುತ್ತದೆ ಅಷ್ಟೆ.

ಮೂರು ಮೈಕ್ರೊಫೈಬರ್ ಬಟ್ಟೆ, 300ರಿಂದ 400 ಜಿಎಸ್‌ಎಂನವು. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಗ್ರಾಂನಲ್ಲಿ. ಇದಕ್ಕಿಂತ ತೆಳುವಾದ್ದರಲ್ಲಿ ಕೊಳೆ ಅಡಗಲು ಎಳೆಯೇ ಇರುವುದಿಲ್ಲ. ತಂದ ಕೂಡಲೇ ಅಂಚಿನ ಲೇಬಲ್ ಕತ್ತರಿಸಿ. ಆ ಲೇಬಲ್ಲಿನ ಗಟ್ಟಿ ಅಂಚೇ ಗೀರೆಳೆಯಬಲ್ಲದು.

ನೆನೆಹಾಕಲು ಒಂದು ಹಳೆಯ ಬನಿಯನ್ ಅಥವಾ ತೆಳು ಟವೆಲ್. ಇದು ಹೊದಿಸಲು ಮಾತ್ರ, ಉಜ್ಜಲು ಅಲ್ಲ.

ಕೊನೆಯ ಸುತ್ತಿಗೆ ಅರ್ಧ ಲೀಟರ್ ಮೆದು ನೀರು. ಬೆಂಗಳೂರು, ಕೋಲಾರ, ತುಮಕೂರು ಕಡೆಯ ಬೋರ್‌ವೆಲ್ ನೀರು ಗಡಸಾಗಿದ್ದು, ಒಣಗಿದಾಗ ಬಿಳಿ ಚುಕ್ಕೆ ಉಳಿಸುತ್ತದೆ. ಮನೆಯ ಆರ್‌ಓ ಫಿಲ್ಟರಿನ ಕುಡಿಯುವ ನೀರು ಆಗುತ್ತದೆ. ಅದೇ ಫಿಲ್ಟರಿನ ಹಿಂದಿನ ಪೈಪಿನಿಂದ ಹೊರಹೋಗುವ ನೀರನ್ನು “ಹೇಗೂ ವೇಸ್ಟ್ ಆಗುತ್ತಲ್ಲ” ಎಂದು ಹಿಡಿದು ಬಳಸುವವರಿದ್ದಾರೆ; ಫಿಲ್ಟರ್ ಬೇರ್ಪಡಿಸಿದ ಲವಣವೆಲ್ಲ ಅದರಲ್ಲೇ ಇರುತ್ತದೆ, ಬೋರ್ ನೀರಿಗಿಂತ ಅದು ಕೆಟ್ಟದ್ದು. ಅಂಗಡಿಯಲ್ಲಿ ಸಿಗುವ ಬ್ಯಾಟರಿ ಡಿಸ್ಟಿಲ್ಡ್ ವಾಟರ್ ಕೂಡ ಒಳ್ಳೆಯದೇ. ಆದರೆ ಬಾಟಲಿಯ ಮೇಲೆ ಏನು ಬರೆದಿದೆ ಎಂದು ಓದಿ ತನ್ನಿ. ಬ್ಯಾಟರಿ ಆ್ಯಸಿಡ್ ಕೂಡ ಅಂಥದೇ ಕ್ಯಾನಿನಲ್ಲಿ, ಅದೇ ಶೆಲ್ಫಿನಲ್ಲಿ ಇರುವುದುಂಟು.

ಹಂತಗಳು

1. ಬೈಕನ್ನು ನೆರಳಿಗೆ ತಂದು ಇಪ್ಪತ್ತು ನಿಮಿಷ ಬಿಡಿ. ವಿಂಡ್‌ಶೀಲ್ಡ್ ಮೇಲೆ ಅಂಗೈ ಹಿಡಿದರೆ ಬಿಸಿ ತಟ್ಟಬಾರದು. ಬಿಸಿ ಮೈ ಮೇಲೆ ಸೋಪು ಒಣಗಿ ಪದರವಾಗುತ್ತದೆ, ಅದನ್ನು ತೆಗೆಯಲು ನೀವು ಉಜ್ಜುತ್ತೀರಿ. ಕಾಯುತ್ತಿರುವಾಗಲೇ ಹ್ಯಾಂಡಲ್ ಬಳಿಯ ಯುಎಸ್‌ಬಿ ಸಾಕೆಟ್ಟಿನ ಮುಚ್ಚಳ ಹಾಕಿ. ಕೈಯಲ್ಲಿ ಉಂಗುರ, ವಾಚ್ ಇದ್ದರೆ ತೆಗೆದಿಡಿ.

2. ಕೈ ಸೋಕಿಸದೆ ನೀರು ಹರಿಸಿ. ಮೇಲಂಚಿನಿಂದ ಶುರು ಮಾಡಿ, ಎರಡು ಮೂರು ಚೆಂಬು ನಿಧಾನವಾಗಿ, ಇಡೀ ಅಗಲಕ್ಕೆ. ಎರಚಬೇಡಿ, ಹರಿಯಬಿಡಿ, ಹರಿಯುವ ನೀರು ಕಣವನ್ನು ಹೊತ್ತುಕೊಂಡು ಹೋಗುತ್ತದೆ, ಎರಚಿದ ನೀರು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಪೈಪಿದ್ದರೆ ಬಾಯಿ ಅಮುಕದೆ ಸಾದಾ ಧಾರೆ ಬಿಡಿ. ಕಾರವಾರ, ಮರವಂತೆಯಂಥ ಕಡೆ ಕಡಲ ಪಕ್ಕದ ಹೆದ್ದಾರಿಯಲ್ಲಿ ಬಂದಿದ್ದರೆ ಮೈ ಮೇಲೆ ಕಾಣದ ಉಪ್ಪಿನ ಹರಳು ಇರುತ್ತದೆ. ಆಗ ಈ ಹಂತವನ್ನು ಎರಡು ಸಲ ಮಾಡಿ.

3. ನೆನೆಸಿ. ಬನಿಯನ್ ಬಟ್ಟೆಯನ್ನು ಸೋಪಿನ ನೀರಿನಲ್ಲಿ ಅದ್ದಿ, ಹಿಂಡದೆ, ತೊಟ್ಟಿಕ್ಕುತ್ತಿರುವಾಗಲೇ ವಿಂಡ್‌ಶೀಲ್ಡಿನ ಮೇಲೆ ಹೊದಿಸಿ ಹತ್ತು ನಿಮಿಷ ಬಿಡಿ. ಹುಳು ಬಡಿದಿದ್ದರೆ ಹದಿನೈದು. ನಡುವೆ ಒಂದು ಸಲ ಇನ್ನಷ್ಟು ನೀರು ಚಿಮುಕಿಸಿ, ಬಟ್ಟೆ ಒಣಗಬಾರದು.

ಹೆಚ್ಚಿನವರು ಹಾರಿಸುವ ಹಂತ ಇದು. ಸತ್ತ ಹುಳುವಿನ ಒಡಲಿನ ರಸ ಬಿಸಿಲಿಗೆ ಒಣಗಿದರೆ ಅಂಟಿನ ಹಾಗೆ ಹಿಡಿದುಕೊಳ್ಳುತ್ತದೆ. ಬಾಣಲೆಯ ತಳಕ್ಕೆ ಹಿಡಿದ ಮೊಟ್ಟೆಯಂತೆ. ಬಾಣಲೆಗೆ ನೀವು ಏನು ಮಾಡುತ್ತೀರಿ? ನೀರು ಹಾಕಿ ಬಿಟ್ಟು ಬೇರೆ ಕೆಲಸ ನೋಡುತ್ತೀರಿ. ಇಲ್ಲೂ ಅಷ್ಟೆ. ಹತ್ತು ನಿಮಿಷದ ನಂತರ ಬಟ್ಟೆಯ ಒಂದು ಮೂಲೆ ಎತ್ತಿ ನೋಡಿ. ಹುಳುವಿನ ಕಂದು ಮಚ್ಚೆಯ ಅಂಚು ಉಬ್ಬಿ ಮೆತ್ತಗಾಗಿದ್ದರೆ ನೀರು ಬಿಟ್ಟಾಗಲೇ ಜಾರಿ ಹೋಗುತ್ತದೆ. ಇನ್ನೂ ಹೊಳೆಯುತ್ತ ಗಟ್ಟಿಯಾಗಿದ್ದರೆ ಮತ್ತೆ ಹೊದಿಸಿ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಗೆದ್ದಲು ಏಳುವಾಗಲೋ, ಮಂಡ್ಯ ಕಡೆ ಗದ್ದೆ ಸಾಲಿನ ನಡುವೆ ಮುಸ್ಸಂಜೆಯಲ್ಲೋ ಓಡಿಸಿದ್ದರೆ ಮೂರು ಸಲ ಹೊದಿಸಬೇಕಾದರೂ ಬೇಸರ ಬೇಡ. ಉಗುರು ಹಾಕಿ ಕೆರೆದರೆ ಮಾತ್ರ ಕೆಲಸ ಕೆಟ್ಟಿತು. ಹುಳುವಿನ ಗಟ್ಟಿ ಚಿಪ್ಪಿನ ಚೂರನ್ನೇ ಪ್ಲಾಸ್ಟಿಕ್ ಮೇಲೆ ಉಜ್ಜಿದಂತಾಗುತ್ತದೆ.

4. ಹೊದಿಕೆ ತೆಗೆಯುವಾಗ ಎಳೆಯಬೇಡಿ, ಮೇಲಕ್ಕೆ ಎತ್ತಿ. ಮತ್ತೆ ಎರಡು ಚೆಂಬು ನೀರು. ಈಗ ಮೊದಲ ಮೈಕ್ರೊಫೈಬರ್ ಬಟ್ಟೆಯನ್ನು ಎರಡು ಸಲ ಮಡಿಸಿ. ತಿರುಗಿಸಿ ಮಗುಚಿ ಬಳಸಿದರೆ ಎಂಟು ಮುಖ ಸಿಗುತ್ತವೆ. ಸೋಪಿನ ನೀರಿನಲ್ಲಿ ತೋಯಿಸಿ ಮೇಲಿನಿಂದ ಕೆಳಕ್ಕೆ ನೇರವಾಗಿ ಎಳೆಯಿರಿ. ಕೈಯ ಭಾರ ಹಾಕಬೇಡಿ, ಒದ್ದೆ ಬಟ್ಟೆಯ ತೂಕವೇ ಸಾಕು. ಎರಡು ಎಳೆತಕ್ಕೊಂದು ಮುಖ ಬದಲಿಸಿ. ಮುಖಗಳು ಮುಗಿದರೆ ಬರೀ ನೀರಿನ ಬಕೆಟ್‌ನಲ್ಲಿ ಜಾಲಿಸಿ, ಹಿಂಡಿ, ಆಮೇಲೆ ಸೋಪಿನ ಬಕೆಟ್ಟಿಗೆ. ಒಂದೇ ಬಕೆಟ್ ಆದರೆ ಈಗಷ್ಟೇ ತೆಗೆದ ಮರಳನ್ನು ಮತ್ತೆ ಎತ್ತಿ ತರುತ್ತೀರಿ.

ಸುತ್ತ ಸುತ್ತ ಉಜ್ಜಬಾರದು. ವೃತ್ತಾಕಾರದ ಸಣ್ಣ ಗೀರುಗಳು ಬೆಳಕು ಯಾವ ಕಡೆಯಿಂದ ಬಂದರೂ ಹೊಳೆಯುತ್ತವೆ. ಎದುರಿನ ಹೆಡ್‌ಲೈಟ್ ಸುತ್ತ ಕಾಣುವ ಜೇಡರ ಬಲೆ ಇದೇ. ಮೇಲೆ ಕೆಳಗೆ ನೇರವಾಗಿ ಎಳೆದಾಗ ಒಂದೆರಡು ಗೀರು ಬಿದ್ದರೂ ಕಣ್ಣಿಗೆ ಅಷ್ಟು ಕುಕ್ಕುವುದಿಲ್ಲ.

5. ಸೋಪು ಪೂರ್ತಿ ಹೋಗುವಂತೆ ತೊಳೆಯಿರಿ, ಮೇಲಿನಿಂದ ಕೆಳಕ್ಕೆ. ಒಂದು ಪಕ್ಕದಿಂದ ಓರೆಯಾಗಿ ನೋಡಿ. ಎಲ್ಲಾದರೂ ಮಚ್ಚೆ ಉಳಿದಿದ್ದರೆ ಆ ಜಾಗಕ್ಕೆ ಮಾತ್ರ ಮೂರನೇ ಹಂತ ಮತ್ತೆ.

6. ಮೆದು ನೀರನ್ನು ಸುರಿದು ಕೊನೆಯ ಸಲ ತೊಳೆದು, ಎರಡನೇ ಬಟ್ಟೆಯನ್ನು ಒಣಗಿದ್ದಾಗಲೇ ಮಡಿಸದೆ ಅಗಲವಾಗಿ ಹಾಸಿ, ಅಂಗೈಯಿಂದ ಹಗುರವಾಗಿ ಒತ್ತಿ ಎತ್ತಿ. ಬಟ್ಟೆ ನೀರು ಕುಡಿಯಲಿ. ಉಳಿದ ತೇವಕ್ಕೆ ಮೂರನೇ ಬಟ್ಟೆ, ಅದೇ ನೇರ ಎಳೆತ. ಬಿಸಿಲಿಗೆ ಒಣಗಲಿ ಎಂದು ಬಿಟ್ಟರೆ ಚುಕ್ಕೆ ಖಾತ್ರಿ.

7. ಒಳಮೈ. ಇಲ್ಲಿ ನೀರು ಸುರಿದರೆ ನೇರ ಮೀಟರ್ ಕನ್ಸೋಲ್ ಮೇಲೆ ಬೀಳುತ್ತದೆ, ಹಾಗಾಗಿ ತೋಯ್ದ ಬಟ್ಟೆ ಹಾಸಿ ಎತ್ತುವುದು, ಆಮೇಲೆ ಹಗುರವಾಗಿ ಎಳೆಯುವುದು. ಕನ್ಸೋಲಿನ ಮುಖವೂ ಪ್ಲಾಸ್ಟಿಕ್ಕೇ, ಅದಕ್ಕೂ ಇದೇ ನಿಯಮ.

ಕಳಚಿ ತೊಳೆಯುವವರಿಗೆ ಒಂದು ಮಾತು. ವಾಪಸ್ ಕೂರಿಸುವಾಗ ಬೋಲ್ಟ್‌ಗಳ ಕೆಳಗಿನ ರಬ್ಬರ್ ಅಥವಾ ನೈಲಾನ್ ವಾಷರ್ ಮರೆಯಬೇಡಿ. ಎಲ್ಲವನ್ನೂ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಎಷ್ಟು ಬಿಗಿ ಎಂಬುದು ಬೈಕಿನ ಕೈಪಿಡಿಯಲ್ಲಿದೆ. ಬೋಲ್ಟ್ ಸಡಿಲವಾಗದಿರಲೆಂದು ಲಾಕ್‌ಟೈಟ್‌ನಂಥ ಥ್ರೆಡ್ ಲಾಕರ್ ಹಚ್ಚುವ ಅಭ್ಯಾಸ ಬೇರೆ ಕಡೆ ಸರಿ, ಇಲ್ಲಿ ಬೇಡ. ಅದು ಪ್ಲಾಸ್ಟಿಕ್‌ಗೆ ತಾಗಿದರೆ ತೂತಿನ ಸುತ್ತ ಬಿರುಕು ಬಿಡಿಸುತ್ತದೆ.

ಹಟ ಮಾಡುವ ಕಲೆಗಳು

ಗಡಸು ನೀರಿನ ಚುಕ್ಕೆ: ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು. ಬಟ್ಟೆಯಲ್ಲಿ ಅದ್ದಿ ಎರಡು ಮೂರು ನಿಮಿಷ ಹೊದಿಸಿ, ಚೆನ್ನಾಗಿ ತೊಳೆಯಿರಿ. ಚುಕ್ಕೆ ಸುಣ್ಣದ ಅಂಶದ್ದು, ಹುಳಿಗೆ ಕರಗುತ್ತದೆ. ಒಣಗಿದ ಚುಕ್ಕೆಯನ್ನು ಉಜ್ಜಿ ತೆಗೆಯಲು ಹೋಗಬೇಡಿ.

ಡಾಂಬರು: ಹೊಸ ರಸ್ತೆಯಲ್ಲಿ ಹಾರಿದ ಕರಿ ಚುಕ್ಕೆಗೆ ಬೆರಳ ತುದಿಯಲ್ಲಿ ಒಂದು ಹನಿ ತೆಂಗಿನೆಣ್ಣೆ. ಮೂರು ನಿಮಿಷ ಬಿಟ್ಟು ಬಟ್ಟೆಯಿಂದ ಒತ್ತಿ ಎತ್ತಿ, ಕೂಡಲೇ ಸೋಪಿನ ನೀರಿನಿಂದ ಎಣ್ಣೆ ತೆಗೆಯಿರಿ. ಒಂದೇ ಸಲಕ್ಕೆ ಹೋಗದಿದ್ದರೆ ಇನ್ನೊಂದು ಹನಿ.

ಮರದಡಿಯ ಅಂಟು: ಬೀದಿ ಮರಗಳ ಕೆಳಗೆ ನಿಲ್ಲಿಸಿದ ಬೈಕಿನ ಮೇಲೆ ಸಣ್ಣ ಸಣ್ಣ ಜಿಗುಟು ಹನಿ ಕಂಡಿರುತ್ತೀರಿ. ಬಹಳ ಸಲ ಅದು ಮರದ ಹಾಲಲ್ಲ, ಎಲೆಯ ರಸ ಹೀರುವ ಕೀಟಗಳು ಬಿಡುವ ಸಿಹಿ ದ್ರವ. ಸಕ್ಕರೆ ಅಂಶ ಇರುವುದರಿಂದ ಬೆಚ್ಚಗಿನ ನೀರಿಗೇ ಕರಗುತ್ತದೆ. ಹಕ್ಕಿ ಹಿಕ್ಕೆ ಮಾತ್ರ ಅದೇ ದಿನ ತೊಳೆಯಿರಿ. ಅದರೊಳಗೆ ಮರಳು, ಬೀಜದ ಚೂರು ಎರಡೂ ಇರಬಹುದು, ನೆನೆಸದೆ ಮುಟ್ಟಬೇಡಿ.

ಯಾವುದು ಬೇಡ, ಯಾಕೆ ಬೇಡ

ಪೆಟ್ರೋಲ್, ಥಿನ್ನರ್, ನೇಲ್ ಪಾಲಿಶ್ ರಿಮೂವರ್, ಸೀಮೆಎಣ್ಣೆ, ಡೀಸೆಲ್. ಇವು ಪ್ಲಾಸ್ಟಿಕ್‌ನ ಒಳಗೆ ಇಳಿದು ಕೂದಲೆಳೆಯಂಥ ಬಿರುಕುಗಳ ಜಾಲ ಎಬ್ಬಿಸುತ್ತವೆ. ಇದಕ್ಕೆ ಕ್ರೇಜಿಂಗ್ ಎನ್ನುತ್ತಾರೆ. ಬೋಲ್ಟ್ ಬಿಗಿತದಿಂದ ಎಳೆತ ಇರುವ ಜಾಗದಲ್ಲಿ ಮೊದಲು ಕಾಣುತ್ತದೆ. ಪಾಲಿಶ್‌ಗೆ ಹೋಗುವ ಕಲೆಯಲ್ಲ ಇದು. ಬ್ರೇಕ್ ಆಯಿಲ್ ಚೆಲ್ಲಿದರೂ ಇದೇ ಗತಿ, ತಕ್ಷಣ ನೀರು ಸುರಿಯಿರಿ.

ಮನೆಯ ಕಿಟಕಿ ಗಾಜಿನ ಸ್ಪ್ರೇ. ಅಮೋನಿಯಾ ಅಥವಾ ಆಲ್ಕೋಹಾಲ್ ಇರುವಂಥವು ಅಕ್ರಿಲಿಕ್‌ಗೂ ಲೇಪಕ್ಕೂ ಹಾನಿ. ಬಾಟಲಿಯ ಮೇಲೆ ಪ್ಲಾಸ್ಟಿಕ್‌ಗೆ ಆಗುತ್ತದೆ ಎಂದು ಬರೆದಿಲ್ಲವೇ, ಬಿಡಿ. ಕಾರಿನ ಗಾಜಿಗೆ ಹಚ್ಚುವ ಮಳೆನೀರು ಜಾರಿಸುವ ದ್ರವಕ್ಕೂ ಇದೇ ಮಾತು. ಪ್ಲಾಸ್ಟಿಕ್‌ಗೆಂದೇ ಬೇರೆ ಬಾಟಲಿ ಬರುತ್ತದೆ.

ಬಟ್ಟೆ ಒಗೆಯುವ ಪುಡಿ, ಪಾತ್ರೆ ಸೋಪಿನ ಬಿಲ್ಲೆ, ಬ್ಲೀಚ್: ಕ್ಷಾರ ಜಾಸ್ತಿ, ಬಿಲ್ಲೆಯಲ್ಲಿ ಉಜ್ಜುವ ಹುಡಿ ಬೇರೆ. ನ್ಯೂಸ್‌ಪೇಪರ್, ಟಿಶ್ಯೂ: ಮರದ ನಾರು. ಹಳೆಯ ಜೀನ್ಸ್ ತುಂಡು, ಗ್ಯಾರೇಜಿನ ವೇಸ್ಟ್ ಬಟ್ಟೆ: ಅದರಲ್ಲಿ ಲೋಹದ ಚೂರು ಇರುವ ಸಾಧ್ಯತೆಯೇ ಹೆಚ್ಚು. ಪೆಟ್ರೋಲ್ ಬಂಕಿನ ಬಕೆಟ್ಟಿನಲ್ಲಿ ನಿಂತಿರುವ ರಬ್ಬರ್ ಅಂಚಿನ ಒರೆಸುಕೋಲು: ಬೆಳಗಿನಿಂದ ಎಷ್ಟು ಲಾರಿಗಳ ಮಣ್ಣು ಅದರಲ್ಲಿದೆಯೋ.

ವಾಟರ್ ವಾಶ್‌ಗೆ ಕೊಡುವಾಗ

ಮನೆಯಲ್ಲಿ ಜೋಪಾನ ಮಾಡಿದ ವಿಂಡ್‌ಶೀಲ್ಡ್ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಮೊದಲೇ ಮೂರು ಮಾತು ಹೇಳಿ. ಪ್ರೆಶರ್ ಗನ್ ಮೂರು ಅಡಿ ದೂರದಿಂದ. ಡೀಸೆಲ್ ಸ್ಪ್ರೇ ಹೊಡೆಯುವುದಾದರೆ ವಿಂಡ್‌ಶೀಲ್ಡ್, ಹೆಡ್‌ಲೈಟ್, ಮೀಟರ್ ಮೇಲೆ ಬೀಳಬಾರದು. ಕೊನೆಗೆ ಒರೆಸುವುದು ಬೇಡ, “ಹಾಗೇ ಕೊಡಿ ಅಣ್ಣ, ನಾನೇ ಒರೆಸ್ಕೊತೀನಿ”. ಇಡೀ ಬೈಕಿನ ಚಕ್ರ, ಚೈನ್ ಕವರ್ ಒರೆಸಿದ ಅದೇ ಬಟ್ಟೆ ಕೊನೆಯಲ್ಲಿ ವಿಂಡ್‌ಶೀಲ್ಡಿಗೆ ಬರುವುದನ್ನು ನಿಂತು ನೋಡಿದರೆ ಈ ಮಾತು ಹೇಳಲು ಸಂಕೋಚ ಆಗುವುದಿಲ್ಲ.

ದಾರಿಯಲ್ಲಿ

ಓಡಿಸುತ್ತಿರುವಾಗ ಗ್ಲೌಸಿನಿಂದ ಒರೆಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಬ್ಯಾಗಿನಲ್ಲಿ ಒಂದು ಲೀಟರಿನ ನೀರಿನ ಬಾಟಲಿ, ಅದರ ಮುಚ್ಚಳಕ್ಕೆ ಬಿಸಿ ಸೂಜಿಯಿಂದ ಐದಾರು ತೂತು, ಜಿಪ್ ಕವರಿನಲ್ಲಿ ಒಂದು ಶುದ್ಧ ಮೈಕ್ರೊಫೈಬರ್ ಬಟ್ಟೆ. ಇಷ್ಟಿದ್ದರೆ ಚಹಾಕ್ಕೆ ನಿಂತಾಗ ಎರಡನೇ, ಮೂರನೇ ಹಂತ ಮುಗಿಯುತ್ತದೆ: ಒದ್ದೆ ಬಟ್ಟೆ ಹೊದಿಸಿ ಚಹಾ ಕುಡಿದು ಬನ್ನಿ. ನೀರಿಲ್ಲದಿದ್ದರೆ ಮುಟ್ಟದೆ ಮುಂದಿನ ಊರಿನವರೆಗೆ ಹೋಗಿ, ಆದರೆ ದಾರಿ ಸರಿಯಾಗಿ ಕಾಣದಷ್ಟು ಕೊಳೆಯಿದ್ದರೆ ಗೀರಿನ ಚಿಂತೆ ಬಿಟ್ಟು ಒರೆಸಿ.

ಈಗಾಗಲೇ ಬಿದ್ದ ಗೀರುಗಳಿಗೆ

ಮೊದಲು ಪರೀಕ್ಷೆ. ಮಂಕಾದ ಜಾಗಕ್ಕೆ ನೀರು ಹಾಕಿ. ಒದ್ದೆಯಾದಾಗ ಮಂಕು ಮಾಯವಾಗಿ ಒಣಗಿದ ಮೇಲೆ ಮರಳಿದರೆ ಅದು ಮೇಲ್ಮೈಯ ಸಣ್ಣ ಗೀರು. ನೀರು ಹಾಕಿದರೂ ಮಂಕೋ ಹಳದಿಯೋ ಹಾಗೇ ಇದ್ದರೆ ಕೆಡುಕು ಒಳಗಿದೆ, ಯಾವ ಪಾಲಿಶ್ ಕೂಡ ಅಲ್ಲಿಗೆ ತಲುಪದು. ಉಗುರು ಅಡ್ಡ ಎಳೆದಾಗ ಸಿಕ್ಕಿಕೊಳ್ಳುವಷ್ಟು ಆಳದ ಗೀರೂ ಮನೆಯಲ್ಲಿ ಹೋಗುವಂಥದ್ದಲ್ಲ.

ಸಣ್ಣ ಗೀರಿಗೆ ಪ್ಲಾಸ್ಟಿಕ್ ಪಾಲಿಶ್ ಇದೆ. ಇದು ಗೀರನ್ನು ತುಂಬುವುದಿಲ್ಲ, ಸುತ್ತಲಿನ ಪ್ಲಾಸ್ಟಿಕ್ಕನ್ನು ಗೀರಿನ ಮಟ್ಟಕ್ಕೆ ತೇಯುತ್ತದೆ. ಲೇಪವಿಲ್ಲದ ಅಕ್ರಿಲಿಕ್ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಹಾರ್ಡ್ ಕೋಟ್ ಇರುವ ಪಾಲಿಕಾರ್ಬೊನೇಟ್ ಮೇಲೆ ಅದೇ ಲೇಪವನ್ನು ಅಲ್ಲಲ್ಲಿ ತೇಯ್ದು ಹಾಕಿ, ಮೊದಲಿಗಿಂತ ಮಚ್ಚೆ ಮಚ್ಚೆಯಾಗಿ ಕಾಣಿಸುತ್ತದೆ. ಹಾಗಾಗಿ ಕೆಳಮೂಲೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ ನೋಡದೆ ಕಣ್ಣಿನ ನೇರದ ಜಾಗಕ್ಕೆ ಕೈ ಹಾಕಬೇಡಿ. ಟೂತ್‌ಪೇಸ್ಟ್ ಉಪಾಯವನ್ನು ಎಲ್ಲರೂ ಹೇಳುತ್ತಾರೆ. ಅದರಲ್ಲೂ ತೇಯುವ ಪುಡಿಯೇ ಇರುವುದು, ಎಷ್ಟು ಒರಟೆಂದು ಡಬ್ಬಿ ಹೇಳುವುದಿಲ್ಲ ಅಷ್ಟೆ.

ವಿಂಡ್‌ಶೀಲ್ಡಿನ ಮೂಲಕವೇ ರಸ್ತೆ ನೋಡಬೇಕಾದಷ್ಟು ಎತ್ತರದ್ದಾಗಿದ್ದು, ರಾತ್ರಿ ಎದುರು ಬೆಳಕಿಗೆ ರಸ್ತೆ ಕಾಣದಂತಾಗಿದ್ದರೆ ಹೊಸದು ಹಾಕಿಸಿ. ಮೇಲಿನಿಂದ ನೋಡುವಂಥ ಗಿಡ್ಡ ವಿಂಡ್‌ಶೀಲ್ಡ್ ಮಂಕಾಗಿದ್ದರೆ ಅದು ಅಂದದ ಪ್ರಶ್ನೆ ಮಾತ್ರ, ದುಡ್ಡು ಉಳಿಸಿ.

ಹೆಲ್ಮೆಟ್ ವೈಸರಿಗೂ ಇದೇ ವಿಧಾನ. ಕಳಚಿ, ಒದ್ದೆ ಬಟ್ಟೆ ಸುತ್ತಿಡಿ. ಒಳಮುಖದಲ್ಲಿ ಮಂಜು ಕಟ್ಟದಿರಲು ಲೇಪ ಇದ್ದರೆ ಅಲ್ಲಿಗೆ ಬರೀ ನೀರು, ಸೋಪೂ ಬೇಡ.

ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ. ಹತ್ತಿ ಬಟ್ಟೆಗಳ ಜೊತೆ ಹಾಕಿದರೆ ಅವುಗಳ ಎಳೆ ಹಿಡಿಯುತ್ತವೆ, ಕಂಫರ್ಟ್‌ನಂಥ ಫ್ಯಾಬ್ರಿಕ್ ಸಾಫ್ಟನರ್ ಹಾಕಿದರೆ ನೀರು ಕುಡಿಯುವ ಗುಣ ಹೋಗುತ್ತದೆ. ಒಣಗಿದ ಮೇಲೆ ಮುಚ್ಚಳದ ಡಬ್ಬಿಯಲ್ಲಿಡಿ. ಒಮ್ಮೆ ನೆಲಕ್ಕೆ ಬಿದ್ದ ಬಟ್ಟೆ ಎಷ್ಟು ಕೊಡವಿದರೂ ವಿಂಡ್‌ಶೀಲ್ಡಿಗೆ ಬೇಡ. ಅದರ ಮೂಲೆ ಕತ್ತರಿಸಿ ಗುರುತು ಮಾಡಿ, ಇನ್ನು ಮುಂದೆ ಅದು ಚೈನ್ ಒರೆಸಲಿಕ್ಕೆ.